ಮರದರಿಶಿನದ ತಂಗಿ

ಆ ದಿನ ಬೆಳಗಾದರೂ ಗಾಳಿ ಎದ್ದಿರಲಿಲ್ಲ. ಜ್ಯೇಷ್ಠ ಮಾಸ ಕಳೆಯುತ್ತ ಬಂದಿತೆಂದರೆ ಮೊಳಕಾಲ್ಮೂರಿನಲ್ಲಿ ಕೋಳಿ ಕೂಗುವ ಮುಂಚೆಯೇ ಗಾಳಿ ಏಳಬೇಕು, ಗುಡ್ಡದ ಬಂಡೆಗಳ ಸಂದಿಯಲ್ಲಿ ಸುಯ್ಯೆಂದು ನುಗ್ಗಿ ಬೀದಿಯ ಮಣ್ಣನ್ನೆಲ್ಲ ತಂದು ಮನೆಯೊಳಗೆ ಸುರಿಯಬೇಕು. ಅಂದು ಮಾತ್ರ ಬೇವಿನ ಒಂದು ಎಲೆಯೂ ಅಲುಗಲಿಲ್ಲ. ಕಾಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಆಕಾಶದ ತುಂಬ ತೆಳ್ಳನೆಯ ಮೋಡ. ಹಿತ್ತಲಿನಲ್ಲಿ ಗಳದ ಮೇಲೆ ಒಣಹಾಕಿದ್ದ ರೇಷ್ಮೆ ನೂಲಿನ ಲಡಿಗಳು ಬಿಚ್ಚಿಟ್ಟ ಜಡೆಗಳಂತೆ ನೆಟ್ಟಗೆ ಇಳಿಬಿದ್ದಿದ್ದವು.

ರಂಗಕ್ಕ ಆ ಲಡಿಗಳ ಕೆಳಗೆ ನಿಂತು ಒಂದೊಂದನ್ನೇ ಹಿಂಗೈಯಿಂದ ಮುಟ್ಟಿ ನೋಡುತ್ತಿದ್ದಳು. ಬಣ್ಣ ಒಣಗಿತೋ ಇಲ್ಲವೋ ಎಂಬುದು ಅಂಗೈಗೆ ತಿಳಿಯುವುದಿಲ್ಲ, ಅದು ದುಡಿದು ದುಡಿದು ಕಲ್ಲಾಗಿರುತ್ತದೆ, ಹಿಂಗೈಯನ್ನು ಕೇಳಬೇಕು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಮದುವೆಯ ಹಳದಿ ಸೀರೆ ನೇಯಬೇಕಾದರೆ ಆ ಬೀದಿಯ ನೇಕಾರರೆಲ್ಲ ನೂಲನ್ನು ಅವಳ ಮನೆಗೇ ತರುತ್ತಿದ್ದರು. ಕೆಂಪಿಗೆ, ನೀಲಿಗೆ ಬೇರೆ ಮನೆಗಳಿದ್ದವು. ಹಳದಿ ಅಂದರೆ ರಂಗಕ್ಕನ ಹಂಡೆ. ಅವಳ ಅತ್ತೆ ಸೂರಮ್ಮನ ಕಾಲದಿಂದಲೂ ಹಾಗೆಯೇ ನಡೆದುಬಂದಿತ್ತು.

ಆ ಹೊತ್ತಿನಲ್ಲಿ ಬೀದಿ ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು. ಬಂದವನು ಮಾರಯ್ಯ. ಚಳ್ಳಕೆರೆಯಿಂದ ಕಂಬಳಿ ಹೇರಿಕೊಂಡು ಬಂದು, ಹೋಗುವಾಗ ಸೀರೆ ಹೇರಿಕೊಂಡು ಹೋಗುವ ಗಾಡಿಯವನು. ಎಂದಿನಂತೆ ಬಾಗಿಲಿನಿಂದಲೇ ಕೂಗು ಹಾಕಿ ಮಜ್ಜಿಗೆ ಕೇಳಲಿಲ್ಲ. ಒಳಗೆ ಬಂದು, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಯರ್ರಪ್ಪನನ್ನು ನೋಡಿ, ಅವನ ಹೆಂಡತಿ ರಂಗಕ್ಕನನ್ನು ನೋಡಿ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಚಳ್ಳಕೆರೆ ಬಸವಲಿಂಗಮ್ಮನೋರು ಹೇಳಿ ಕಳ್ಸ್ಯಾರೆ, ರಂಗಕ್ಕ. ಮೊಮ್ಮಗಳ ಮದ್ವಿ ಸೀರೆ ಸೆರಗಿನ ಮ್ಯಾಲೆ ಸುಣ್ಣ ಬಿತ್ತಂತೆ. ಬಿದ್ದ ಜಾಗ ಕೆಂಪಗಾಗೈತಂತೆ. ಅರಿಶಿನ ಕಲ್ಸಿ ಬಣ್ಣ ಕಟ್ಟ್ಯಾರೆ ಅಂತ ಅಂತಾರೆ."

ಅರಿಶಿನಕ್ಕೆ ಸುಣ್ಣ ಮುಟ್ಟಿದರೆ ಕೆಂಪಾಗುತ್ತದೆ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆರತಿಯ ತಟ್ಟೆಗೆ ಕೆಂಪು ನೀರು ಕಲಸುವ ಪ್ರತಿ ಹೆಂಗಸಿಗೂ ಅದು ಗೊತ್ತು. ಯರ್ರಪ್ಪ ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡು ನಕ್ಕುಬಿಟ್ಟ. ತಮ್ಮ ಮನೆಯಲ್ಲಿ ಅರಿಶಿನವನ್ನು ಸಾರಿಗೆ ಹಾಕುತ್ತಾರೆಯೇ ಹೊರತು ಹಂಡೆಗೆ ಹಾಕುವುದಿಲ್ಲ, ಆ ಯಮ್ಮನಿಗೆ ವಯಸ್ಸಾಯಿತು, ಪೋನೀಲೇ, ಹೋಗಲಿ ಬಿಡು ಎಂದ. ರಂಗಕ್ಕ ನಗಲಿಲ್ಲ. ಅವಳ ಕಣ್ಣು ಹಿತ್ತಲ ಬಾಗಿಲಿನಲ್ಲಿ ಕೊಡ ಹಿಡಿದು ನಿಂತಿದ್ದ ಸೊಸೆಯ ಕಡೆ ಹೋಯಿತು. ಜಯಕ್ಕನೂ ಮಾತನ್ನು ಕೇಳಿಸಿಕೊಂಡಿದ್ದಳು.

ಮಾರಯ್ಯ ಇನ್ನೂ ಒಂದು ಮಾತು ಹೇಳುವುದಿತ್ತು. ಮೊಮ್ಮಗಳು ಕಮಲಾಕ್ಷಮ್ಮ ಆಷಾಢಕ್ಕೆಂದು ತವರಿಗೆ ಬಂದಿದ್ದಾಳೆ. ಬರುವ ಸೋಮವಾರ ಗಂಡನ ಕಡೆಯ ಹೆಂಗಸರು ಬರುತ್ತಾರೆ. ಅವರ ಕಣ್ಣಿಗೆ ಆ ಸೆರಗು ಬಿದ್ದರೆ, ಕಳಪೆ ಸೀರೆ ಉಡಿಸಿ ಕಳಿಸಿದರು ಎಂಬ ಮಾತು ಹುಡುಗಿಯ ಬೆನ್ನಿಗೆ ಜೀವಮಾನವಿಡೀ ಅಂಟುತ್ತದೆ. ಬಸವಲಿಂಗಮ್ಮ ಇದುವರೆಗೆ ಮನೆಯ ಹೊರಗೆ ಬಾಯಿ ಬಿಟ್ಟಿಲ್ಲ. ಸೋಮವಾರದೊಳಗೆ ರಂಗಕ್ಕ ಬಂದು ಜವಾಬು ಕೊಟ್ಟರೆ ಸರಿ, ಇಲ್ಲವಾದರೆ ಕೇಳಿದವರಿಗೆಲ್ಲ ಅವರು ಇದ್ದದ್ದು ಇದ್ದಹಾಗೆ ಹೇಳುತ್ತಾರೆ.

ಅವರು ಹೇಳಿದರೆ ಆಗುವುದೇನೆಂದು ರಂಗಕ್ಕನಿಗೆ ತಿಳಿಯದ್ದಲ್ಲ. ಪ್ಲೇಗು ಬಂದು ಹೋದ ಮೇಲೆ ಬಳ್ಳಾರಿಯ ಪೇಟೆಗೆ ಡಬ್ಬಿ ಬಣ್ಣ ಬರತೊಡಗಿತ್ತು. ಪರಸೀಮೆಯಿಂದ ಹಡಗಿನಲ್ಲಿ ಬಂದ ಪುಡಿ. ಒಂದು ಚಿಟಿಕೆ ಬಿಸಿನೀರಿಗೆ ಹಾಕಿದರೆ ಸಾಕು, ಬೇರು ಕುಟ್ಟುವುದಿಲ್ಲ, ನೆನೆಹಾಕುವುದಿಲ್ಲ. ರಾಂಪುರದ ಅಂಗಡಿಯಲ್ಲೂ ಅದು ಸಿಗುತ್ತಿತ್ತು. ಬೀದಿಯ ಕೆಂಪಿನ ಮನೆ ಆಗಲೇ ಹಂಡೆ ಬೋರಲು ಹಾಕಿ ಡಬ್ಬಿ ತಂದಿಟ್ಟುಕೊಂಡಿತ್ತು. ರಂಗಕ್ಕನ ಹಂಡೆ ಇನ್ನೂ ಒಲೆಯ ಮೇಲಿರುವುದಕ್ಕೆ ಕಾರಣ ಒಂದೇ, ಆ ಹಳದಿಯ ಮೇಲಿನ ನಂಬಿಕೆ. ಬಸವಲಿಂಗಮ್ಮನವರ ಮಗ ಏಕಾಂತಪ್ಪನವರಂಥ ದೊಡ್ಡ ಮನೆ ಅದನ್ನು ಅರಿಶಿನ ಎಂದುಬಿಟ್ಟರೆ ಈ ಹಂಡೆಯೂ ಬೋರಲೇ.

ರಂಗಕ್ಕನ ಹಂಡೆಗೆ ಬೀಳುತ್ತಿದ್ದದ್ದು ಮರದರಿಶಿನದ ಬೇರು. ಹೆಸರಿನಲ್ಲಿ ಅರಿಶಿನವಿದ್ದರೂ ಅದು ಅಡುಗೆಯ ಅರಿಶಿನದ ಬಳಗವಲ್ಲ. ಅದೊಂದು ಮುಳ್ಳಿನ ಪೊದೆ. ಈ ಬಿಸಿಲಿನ ಸೀಮೆಯಲ್ಲಿ ಅದು ಹುಟ್ಟುವುದಿಲ್ಲ. ಮೈಸೂರಿನಿಂದಾಚೆ ನೀಲಗಿರಿಯ ತುದಿಯಲ್ಲಿ, ಮಂಜು ಮುಸುಕಿದ ಥಂಡಿಯಲ್ಲಿ ಆಳೆತ್ತರ ಬೆಳೆಯುತ್ತದಂತೆ. ವರ್ಷಕ್ಕೊಮ್ಮೆ ಅದರ ಬೇರನ್ನು ತಂದುಕೊಡುತ್ತಿದ್ದ ಪಾತಣ್ಣ ಅದನ್ನು ವರ್ಣಿಸಿ ಹೇಳುವಾಗ ರಂಗಕ್ಕ ಕೆಲಸ ಬಿಟ್ಟು ಕೂತು ಕೇಳುತ್ತಿದ್ದಳು. ಎಲೆಯ ಗೊಂಚಲಿನ ಬುಡದಲ್ಲೆಲ್ಲ ಮೂರು ಕವಲಿನ ಮುಳ್ಳು, ಒಂದೊಂದೂ ಪುಟ್ಟ ತ್ರಿಶೂಲ. ಬಂಗಾರದ ಜುಮುಕಿಯಂತೆ ಇಳಿಬಿದ್ದ ಹೂವು. ಕಪ್ಪು ನೀಲಿಯ ಹಣ್ಣು, ಹಣ್ಣಿನ ಮೈಗೆ ಬೂದಿ ಬಳಿದಂತೆ ಬಿಳಿಯ ಪುಡಿ. ತ್ರಿಶೂಲ ಹಿಡಿದು ವಿಭೂತಿ ಬಳಿದುಕೊಂಡು ಬೆಟ್ಟದ ತುದಿಯಲ್ಲಿ ಥಂಡಿಗೆ ನಿಂತಿದ್ದಾನೆಂದರೆ ಅವನು ಶಿವನಲ್ಲದೆ ಮತ್ತಾರು ಎಂದು ರಂಗಕ್ಕ ಕೈ ಮುಗಿಯುತ್ತಿದ್ದಳು. ಆ ಗಿಡವನ್ನು ಅವಳು ಕಣ್ಣಾರೆ ಕಂಡವಳಲ್ಲ. ಕಂಡದ್ದು ಬೇರನ್ನು ಮಾತ್ರ. ಹೊರಗೆ ಮಣ್ಣಿನ ಬಣ್ಣದ ತೊಗಟೆ, ಕೊಡಲಿಯಿಂದ ಒಂದು ಏಟು ಹಾಕಿದರೆ ಒಳಗೆ ಕಣ್ಣು ಕೋರೈಸುವ ಹಳದಿ. ಬಣ್ಣ ಹಿಡಿಸಲು ಅದಕ್ಕೆ ಪಟಿಕ ಬೇಡ, ಏನೂ ಬೇಡ. ಹತ್ತಿಯನ್ನು ಅದು ತಿರುಗಿಯೂ ನೋಡುವುದಿಲ್ಲ, ರೇಷ್ಮೆಯನ್ನು ಮಾತ್ರ ತಾನಾಗಿ ಬಂದು ಹಿಡಿಯುತ್ತದೆ. ಬಣ್ಣ ಕಟ್ಟಿ ಉಳಿದ ನೀರಿಗೆ ಹಾಲು ಬೆರೆಸಿ ಬತ್ತಿಸಿ ಅವಳು ಕಣ್ಣಿನ ಮದ್ದು ಮಾಡಿಡುತ್ತಿದ್ದಳು. ಬೀದಿಯ ಕೂಸುಗಳ ಕಣ್ಣು ಕೆಂಪಾದರೆ ತಾಯಂದಿರು ಅವಳ ಮನೆಗೇ ಓಡಿ ಬರುತ್ತಿದ್ದರು.

ಈ ಗಿಡಕ್ಕೆ ಒಬ್ಬಳು ತಂಗಿ ಇದ್ದಾಳೆ ಎಂದೂ ಪಾತಣ್ಣ ಹೇಳಿದ್ದ. ಅದೇ ಬೆಟ್ಟದಲ್ಲಿ ಬೆಳೆಯುತ್ತಾಳೆ. ಅವಳಿಗೆ ಕೊಂಬೆಯಲ್ಲಿ ಮುಳ್ಳಿಲ್ಲ, ಎಲೆಯ ಅಂಚಿನಲ್ಲಿದೆ. ಅಕ್ಕನ ಹೂವು ತಲೆ ತಗ್ಗಿಸಿದರೆ ತಂಗಿಯ ಹೂವು ತಲೆಯೆತ್ತಿ ನಿಲ್ಲುತ್ತದೆ. ಹಣ್ಣಿನ ಮೈಗೆ ಅದೇ ವಿಭೂತಿ, ಕಡಿದರೆ ಅದೇ ಹಳದಿ. ಇವರ ದೂರದ ನಂಟಸ್ತಿಕೆಯ ಇನ್ನೊಂದು ಸಣ್ಣ ಗಿಡ ಹಿಮವಂತನ ಕಡೆ ಇದೆಯಂತೆ, ಒಂದೇ ಒಂದು ಕೆಂಪು ಹಣ್ಣು ಬಿಡುತ್ತದಂತೆ, ಒಳಗೆ ಹಳದಿ ಇಲ್ಲವಂತೆ ಎಂದು ಯಾವನೋ ಬೈರಾಗಿ ಅವನಿಗೆ ಹೇಳಿದ್ದನಂತೆ. ಆ ನಂಟರ ಮಾತು ಹಾಗಿರಲಿ. ತಂಗಿಯ ಕಟ್ಟಿಗೆಯನ್ನು ಸೂರಮ್ಮ ತನ್ನ ಕಾಲದಲ್ಲಿ ಒಮ್ಮೆ ಹಂಡೆಗೆ ಹಾಕಿ ಕುದಿಸಿ ನೋಡಿದ್ದಳು. ನೂಲಿಗೆ ಹಿಡಿದದ್ದು ನೀರು ಮಜ್ಜಿಗೆಯ ಬಣ್ಣ. ಅಂದಿನಿಂದ ಆ ಮನೆಯಲ್ಲಿ ತಂಗಿಗೆ ಬೆಲೆಯಿರಲಿಲ್ಲ.

ಹೋದ ಮಾಘದಲ್ಲಿ ಪಾತಣ್ಣ ಬಂದಾಗ ಚೀಲದಲ್ಲಿ ಅಕ್ಕನ ಬೇರು ಕಡಿಮೆಯಿತ್ತು. ಬೆಟ್ಟದಲ್ಲಿ ಅಗೆಯಲು ಬಿಡುತ್ತಿಲ್ಲ ಎಂದು ಹೇಳಿ, ಚೀಲದ ತಳಕ್ಕೆ ತಂಗಿಯ ಕಟ್ಟಿಗೆ ತುಂಬಿ ತಂದಿದ್ದ. ರಂಗಕ್ಕ ಅವನಿಗೆ ಚೆನ್ನಾಗಿ ಬೈದು, ಅದನ್ನು ಒಲೆಗಾದರೂ ಆದೀತು ಎಂದು ಮೂಲೆಗೆ ಎಸೆದಿದ್ದಳು. ಅದಾದ ಮೇಲೆ ಶಿವರಾತ್ರಿ ಬಂತು. ಅವಳದೊಂದು ಹರಕೆಯಿತ್ತು. ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಹೋಗಿ, ಅಲ್ಲಿಯೇ ಕೆಲವು ದಿನ ಉಳಿದು, ಗುಡಿಯ ಅಂಗಳ ಗುಡಿಸಿ ಸೇವೆ ಮಾಡಿ ಬಂದಳು. ಅಷ್ಟರಲ್ಲಿ ಏಕಾಂತಪ್ಪನವರ ಮನೆಯ ಮದುವೆ ಸೀರೆಯ ನೂಲು ಬಂದು, ಜಯಕ್ಕ ಒಬ್ಬಳೇ ಬಣ್ಣ ಕಟ್ಟಿ ಮುಗಿಸಿದ್ದಳು. ರಂಗಕ್ಕ ಹಿಂದಿರುಗಿದಾಗ ಹಿತ್ತಲ ನೆರಳಿನಲ್ಲಿ ಲಡಿಗಳು ತೂಗಾಡುತ್ತಿದ್ದವು. ಎಂಥ ಹಳದಿ ಅದು! ತಾನು ಕಟ್ಟಿದ್ದಕ್ಕಿಂತ ಒಂದು ಕೈ ಮೇಲು ಎಂದು ಅಂದೇ ಅನ್ನಿಸಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಬೇರು ಹೇಗೆ ಸಾಲಿತು ಎಂದೂ ಕೇಳಿರಲಿಲ್ಲ.

ಈಗ ಕೇಳಬೇಕಾಯಿತು. ಮಾರಯ್ಯನಿಗೆ ರೊಟ್ಟಿ ಹಾಕಿಕೊಟ್ಟು, ಹಿತ್ತಲಿಗೆ ಬಂದು ಸೊಸೆಯನ್ನು ಕೇಳಿದಳು. ಜಯಕ್ಕ ದೇವಸಮುದ್ರದ ಹುಡುಗಿ. ಈ ಮನೆಗೆ ಬಂದು ಬಹಳ ವರ್ಷವಾಗಿರಲಿಲ್ಲ. ಮಾತು ಕಡಿಮೆ.

"ತಂಗಿ ಕಟ್ಟಿಗೇನೇ ಹಾಕ್ದೆ ಅತ್ತೆ. ಅಕ್ಕನ ಬೇರು ಅರ್ಧ ಲಡಿಗೂ ಸಾಲ್ತಿರ್ಲಿಲ್ಲ."

"ಅದ್ರಾಗೆ ಈ ಬಣ್ಣ ಬರಂಗಿಲ್ಲ."

"ಕುದಿಸಿದ್ರೆ ಬರಂಗಿಲ್ಲ. ನಾನು ಕುದಿಸ್ಲಿಲ್ಲ."

ಹಿಟ್ಟಿನ ಹಾಗೆ ಕುಟ್ಟಿ, ರಾತ್ರಿಯೆಲ್ಲ ನೆನೆಹಾಕಿ, ಕೂಸಿಗೆ ನೀರೆರೆಯುವಷ್ಟು ಬೆಚ್ಚಗೆ ಮಾತ್ರ ಇಟ್ಟು ಅದ್ದಿದೆ, ನೆರಳಲ್ಲಿ ಒಣಗಿಸಿ ಮತ್ತೆ ಅದ್ದಿದೆ, ಬಣ್ಣ ತುಂಬುವವರೆಗೂ ಹಾಗೆಯೇ ಮಾಡಿದೆ ಎಂದು ಜಯಕ್ಕ ಹೇಳಿದಳು. ರಂಗಕ್ಕ ಹೂಂ ಎಂದಳು. ಬಾಯಿ ಹೂಂ ಎಂದಿತೇ ಹೊರತು ಮನಸ್ಸು ಅನ್ನಲಿಲ್ಲ. ಅತ್ತೆ ಸೂರಮ್ಮನಿಗೆ ಒಲಿಯದ್ದು, ಇಷ್ಟು ವರ್ಷ ಬೇರಿನ ಜೊತೆಯಲ್ಲೇ ಬದುಕಿದ ತನಗೆ ಒಲಿಯದ್ದು, ನಿನ್ನೆ ಮೊನ್ನೆ ಬಂದ ಹುಡುಗಿಗೆ ಒಲಿಯಿತೇ? ಅದಲ್ಲದೆ ಸುಣ್ಣಕ್ಕೆ ಕೆಂಪಾಗುವುದು ಅರಿಶಿನ ಒಂದೇ. ಗಡುವು ಹತ್ತಿರ ಬಂತು, ಬೇರು ಇರಲಿಲ್ಲ, ಮನೆಯಲ್ಲಿ ಹಿರಿಯಳಿಲ್ಲ, ಒಂದು ಹಿಡಿ ಅರಿಶಿನ ಬಿತ್ತು. ಹೀಗೆ ಯೋಚಿಸಿದಷ್ಟೂ ಅದೇ ನಿಜ ಅನ್ನಿಸತೊಡಗಿತು.

ಬಣ್ಣ ಕಟ್ಟಿದಾಗಲೆಲ್ಲ ಕೊನೆಯ ಒಂದೆಳೆ ನೂಲನ್ನು ಹಂಡೆಯ ಕೊರಳಿಗೆ ಸುತ್ತುವುದು ಆ ಮನೆಯ ಪದ್ಧತಿ. ಏಕಾಂತಪ್ಪನವರ ನೂಲಿನ ಎಳೆಯೂ ಅಲ್ಲಿತ್ತು. ಎಲ್ಲರೂ ಅತ್ತಿತ್ತ ಹೋದಾಗ ರಂಗಕ್ಕ ಎಲೆಯಡಿಕೆ ಸಂಚಿ ಬಿಚ್ಚಿ, ಉಗುರಿನ ತುದಿಗೆ ಸುಣ್ಣ ತೆಗೆದುಕೊಂಡು ಹಂಡೆಯ ಮುಂದೆ ಕೂತಳು. ಆ ಎಳೆಗೆ ಸೋಕಿಸಿದ್ದರೆ ಒಂದು ಗಳಿಗೆಯಲ್ಲಿ ತಿಳಿದುಹೋಗುತ್ತಿತ್ತು. ಕೈ ಮುಂದೆ ಹೋಗಲಿಲ್ಲ. ಕೆಂಪಾದರೆ ಆಮೇಲೆ ಆ ಹುಡುಗಿಯ ಮುಖ ನೋಡಿಕೊಂಡು ಒಂದೇ ಒಲೆಯ ಮುಂದೆ ಹೇಗೆ ಬದುಕುವುದು? ಕೆಂಪಾಗದಿದ್ದರೆ, ಸೊಸೆಯ ಮಾತನ್ನು ಕದ್ದು ಪರೀಕ್ಷೆ ಮಾಡಿದವಳು ತಾನಾಗುತ್ತೇನೆ. ಸುಣ್ಣವನ್ನು ಗೋಡೆಗೆ ಒರೆಸಿ ಎದ್ದುಬಿಟ್ಟಳು.

ಮಾರಯ್ಯ ಗಾಡಿ ಕಟ್ಟುವ ಹೊತ್ತಿಗೆ ಜಯಕ್ಕ ಒಂದು ಬುತ್ತಿ ಗಂಟು ಹಿಡಿದು ಬಂದು ನಿಂತಳು.

"ನೀನ್ಯಾಕೆ?" ಎಂದಳು ರಂಗಕ್ಕ.

"ಕೈ ನಂದಲ್ವಾ ಅತ್ತೆ. ನಾನೂ ಬರ್ತೀನಿ."

ಗಾಡಿ ಊರು ದಾಟಿತು. ಮಾರಯ್ಯ ಎತ್ತುಗಳ ಜೊತೆ ಮಾತಾಡುವ ನೆವದಲ್ಲಿ ಇವರನ್ನು ಮಾತಿಗೆಳೆಯಲು ನೋಡಿದ. ಎಡದ ಎತ್ತು ಅತ್ತೆ, ಬಲದ್ದು ಸೊಸೆ, ಅದಕ್ಕೇ ಎರಡೂ ಒಂದರ ಮುಖ ಒಂದು ನೋಡುವುದಿಲ್ಲ ಎಂದ. ಯಾರೂ ನಗದಿದ್ದಾಗ ಮುಂದಕ್ಕೆ ತಿರುಗಿ ಗಾಡಿ ಹೊಡೆದ. ಹಿಂದೆ ಸರಿಯುತ್ತಿದ್ದ ಗುಡ್ಡಗಳ ಸಾಲಿನಲ್ಲಿ ಜಟಿಂಗ ರಾಮೇಶ್ವರನ ಬೆಟ್ಟ ಕಂಡಿತು. ರಂಗಕ್ಕ ಕೂತಲ್ಲಿಂದಲೇ ಕೈ ಮುಗಿದಳು. ನಾನು ನಿನ್ನ ಅಂಗಳ ಗುಡಿಸುತ್ತಿದ್ದಾಗ ನನ್ನ ಮನೆಯಲ್ಲಿ ಇಂಥದ್ದು ನಡೆಯಲು ಬಿಟ್ಟೆಯಾ ತಂದೆ ಎಂದು ಕೇಳಹೊರಟವಳಿಗೆ, ಮಾತು ತುಟಿಗೆ ಬರುವ ಮುಂಚೆಯೇ ನಾಚಿಕೆಯಾಯಿತು. ಸೇವೆ ಮಾಡಿ ಬಂದು ಸಂಬಳ ಕೇಳಿದ ಹಾಗಾಯಿತಲ್ಲ. ಏನನ್ನೂ ಕೇಳದೆ ಕೈ ಇಳಿಸಿದಳು. ಪಕ್ಕದಲ್ಲಿ ಜಯಕ್ಕನೂ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ತಪ್ಪು ಮಾಡಿದವರು ಹೀಗೆ ಕೂರಬಲ್ಲರೇ ಎಂದು ಒಂದು ಸಲ ಅನ್ನಿಸಿತು. ಕೂರಬಲ್ಲರು, ಲೋಕದಲ್ಲಿ ಎಂಥೆಂಥವರಿಲ್ಲ ಎಂದು ಮರುಗಳಿಗೆಯೇ ಅನ್ನಿಸಿತು.

ರಾತ್ರಿ ತಳಕಿನಲ್ಲಿ ಉಳಿದು, ಮರುದಿನ ಹೊತ್ತೇರುವಾಗ ಚಳ್ಳಕೆರೆ ಸೇರಿದರು.

ಏಕಾಂತಪ್ಪನವರದು ಕಂಬಳಿ ವ್ಯಾಪಾರದ ದೊಡ್ಡ ಮನೆ. ಪಡಸಾಲೆಯ ಒಂದು ಕಡೆ ಕಂಬಳಿಯ ಹೊರೆಗಳು, ಇನ್ನೊಂದು ಕಡೆ ಗೋಡೆಗೊರಗಿ, ಹಣೆ ತುಂಬ ವಿಭೂತಿ ಧರಿಸಿ ಕೂತ ಬಸವಲಿಂಗಮ್ಮ. ಆಕೆ ದೊಡ್ಡ ದನಿ ತೆಗೆಯುವವರಲ್ಲ. ಬಂದವರಿಗೆ ಕೈಕಾಲಿಗೆ ನೀರು ಕೊಡಿಸಿ, ಚಾಪೆ ಹಾಸಿಸಿ, ಮಜ್ಜಿಗೆ ಕುಡಿದ ಮೇಲೆಯೇ ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದ ಸೀರೆಯನ್ನು ಮುಂದಿಟ್ಟರು. ಮಗ ಏಕಾಂತಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಕಮಲಾಕ್ಷಮ್ಮ ನಡುಮನೆಯ ಬಾಗಿಲಲ್ಲಿ ಅತ್ತು ಅತ್ತು ಊದಿದ ಕಣ್ಣಿನಿಂದ ನೋಡುತ್ತಿದ್ದಳು.

ಸೀರೆ ಬಿಚ್ಚಿದಾಗ ಪಡಸಾಲೆಯೇ ಬೆಳಗಿತು. ಇಷ್ಟು ದೊಡ್ಡ ಅಪವಾದ ಹೊತ್ತು ಕೂತಿದ್ದಾಗಲೂ ರಂಗಕ್ಕನ ಎದೆ ಒಮ್ಮೆ ತುಂಬಿ ಬಂತು, ತಮ್ಮ ಮನೆಯ ಬಣ್ಣ ಇದು ಎಂದು. ಸೆರಗಿನ ಮೂಲೆಯಲ್ಲಿ ಕುಂಕುಮ ಚೆಲ್ಲಿದಂತೆ ಅಂಗೈಯಗಲದ ಕೆಂಪು ಕಲೆ. ತಾವು ಎಲೆಗೆ ಸುಣ್ಣ ಹಚ್ಚುವಾಗ ಕಮಲಾಕ್ಷಮ್ಮ ಹತ್ತಿರ ಕೂತಿದ್ದಳು, ಬೆರಳಿನ ಸುಣ್ಣ ಸೆರಗಿಗೆ ತಾಕಿತು, ಒರೆಸಿದರೆ ಹೀಗಾಯಿತು ಎಂದು ಬಸವಲಿಂಗಮ್ಮ ಹೇಳಿದರು. ಡಬ್ಬಿ ಬಣ್ಣದ ಸೀರೆ ತಂದಿದ್ದರೆ ಈ ಗೋಳು ಇರುತ್ತಿರಲಿಲ್ಲ ಎಂದ ಏಕಾಂತಪ್ಪ. ಅವನ ತಾಯಿ ಕೈಯೆತ್ತಿ ಅವನನ್ನು ತಡೆದರು.

"ನಿಮ್ಮತ್ತೆ ಕಾಲದಿಂದ ನಮ್ಮ ಮನ್ಯಾಗೆ ನಿಮ್ಮ ಹಳದೀನೇ ಉಟ್ಟೀವಿ ರಂಗಕ್ಕ. ನಾನೂ ಅದನ್ನೇ ಉಟ್ಟು ಧಾರೆಗೆ ನಿಂತಾಕಿ. ನೀನೇ ಹೇಳು, ಇದೇನು?"

ರಂಗಕ್ಕ ಕೆಂಪನ್ನು ನೋಡಿದಳು. ಎಲೆಯಡಿಕೆ ತಟ್ಟೆ ಕೈಗೆಟುಕುವಂತೆಯೇ ಇತ್ತು. ಅದರಲ್ಲಿ ಸುಣ್ಣದ ಡಬ್ಬಿ. ಮಾಡಬೇಕಾದದ್ದು ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸೀರೆಯ ಒಡಲಿನಲ್ಲಿ ಬೇರೆ ಕಡೆ ಸುಣ್ಣ ಇಟ್ಟು ನೋಡಬೇಕು. ಅವಳು ಡಬ್ಬಿಯನ್ನು ತೆಗೆದುಕೊಂಡಳು. ಮುಚ್ಚಳ ತೆಗೆದಳು. ಅಷ್ಟಕ್ಕೇ ಕೈ ನಿಂತಿತು. ಈ ಒಂದು ಚುಕ್ಕೆ ಸುಣ್ಣದಿಂದ ಇಡೀ ಸೀರೆ ಸುಳ್ಳು ಎಂದಾಗಿಬಿಟ್ಟರೆ? ಬೆರಳು ಡಬ್ಬಿಯೊಳಗೇ ಉಳಿಯಿತು. ನೋಡುತ್ತಿದ್ದವರಿಗೆ ಅದು ಮುದುಕಿಯ ನಿಧಾನವಾಗಿ ಕಂಡಿರಬಹುದು. ಜಯಕ್ಕನಿಗೆ ಹಾಗೆ ಕಾಣಲಿಲ್ಲ. ಅವಳು ಅತ್ತೆಯ ಬೆರಳನ್ನು ನೋಡಿದಳು, ಆಮೇಲೆ ಅತ್ತೆಯ ಮುಖವನ್ನು ನೋಡಿದಳು. ದಾರಿಯುದ್ದಕ್ಕೂ ರಂಗಕ್ಕ ಬಚ್ಚಿಟ್ಟುಕೊಂಡು ಬಂದದ್ದು ಆ ಒಂದು ನೋಟಕ್ಕೆ ಸಿಕ್ಕಿಬಿಟ್ಟಿತು.

"ಸುಣ್ಣ ಇತ್ಲಾಗೆ ಕೊಡ್ರಿ ಅತ್ತೆ" ಎಂದಳು ಜಯಕ್ಕ. ದನಿಯಲ್ಲಿ ಕೋಪವಿರಲಿಲ್ಲ.

ರಂಗಕ್ಕ ಡಬ್ಬಿ ಕೊಟ್ಟಳು. ಜಯಕ್ಕ ಸೀರೆಯ ನಡುಭಾಗವನ್ನು ಬಿಡಿಸಿ, ಎಲ್ಲರಿಗೂ ಕಾಣುವಂತೆ ಮೊಣಕಾಲಿನ ಮೇಲೆ ಹರಡಿಕೊಂಡು, ಕಡಲೆಕಾಳಿನಷ್ಟು ಸುಣ್ಣ ಇಟ್ಟು ಬೆರಳಿನಿಂದ ಉಜ್ಜಿದಳು. ಏಕಾಂತಪ್ಪ ಬಗ್ಗಿದ. ಕಮಲಾಕ್ಷಮ್ಮ ಬಾಗಿಲು ಬಿಟ್ಟು ಈಚೆ ಬಂದಳು. ರಂಗಕ್ಕ ಆ ಚುಕ್ಕೆಯನ್ನೇ ನೋಡಿದಳು. ಸುಣ್ಣ ಬೆಳ್ಳಗೆ ನಿಂತಿತು. ಒಣಗಿತು. ಜಯಕ್ಕ ಅದನ್ನು ಕೊಡವಿದಳು. ಕೆಳಗೆ ಹಳದಿ ಇದ್ದ ಹಾಗೆಯೇ ಇತ್ತು. ಅವಳು ಒಳ ನೆರಿಗೆಯಲ್ಲಿ ಇನ್ನೊಂದು ಕಡೆ ಇಟ್ಟಳು, ಸೆರಗಿನ ನಟ್ಟನಡುವೆ ಇಟ್ಟಳು. ಎಲ್ಲೂ ಹಳದಿ ಅಲುಗಲಿಲ್ಲ.

"ಹಂಗಾರೆ ಮೂಲ್ಯಾಗೆ ಯಾಕೆ ಕೆಂಪಾತು?" ಎಂದ ಏಕಾಂತಪ್ಪ.

ಬಸವಲಿಂಗಮ್ಮ ಸೀರೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಕಲೆಯ ಮೂಲೆಯನ್ನು ಮುಟ್ಟಿ ನೋಡಿ, ಸೀರೆಯ ಇನ್ನೊಂದು ತುದಿಯ ಮೂಲೆಯನ್ನು ಹುಡುಕಿ ತೆಗೆದರು. ಅಲ್ಲಿ ಬರೀ ಹಳದಿ, ಯಾವ ಗುರುತೂ ಇಲ್ಲ. ಏನನ್ನೋ ನೆನೆದು, ತಾವೇ ಬೆರಳಿನಿಂದ ಸುಣ್ಣ ತೆಗೆದು ಆ ಮೂಲೆಗೆ ಒತ್ತಿದರು. ಒತ್ತಿದ ಜಾಗ ಎಲ್ಲರ ಕಣ್ಣೆದುರಿಗೇ ಕೆಂಪೇರಿತು.

"ಶಿವನೇ" ಎಂದರು ಬಸವಲಿಂಗಮ್ಮ. "ಅರಿಶಿನ ಹಚ್ಚಿದಾಕಿ ನಾನೇ ಅಲ್ವೇನೇ."

ಹೊಸ ಬಟ್ಟೆಯನ್ನು ಉಡುವ ಮುಂಚೆ ಅದರ ಮೂಲೆಗಳಿಗೆ ಅರಿಶಿನ ಹಚ್ಚಿ ದೇವರ ಮುಂದಿಡಬೇಕು. ಯಾರ ಮನೆಯಲ್ಲೂ ಅದು ತಪ್ಪುವುದಿಲ್ಲ. ಹಸಿರು ಸೀರೆಗೆ ಹಚ್ಚಿದರೆ ಕಾಣುತ್ತದೆ, ಬಿಳಿಯದಕ್ಕೆ ಹಚ್ಚಿದರೂ ಕಾಣುತ್ತದೆ. ಧಾರೆಯ ದಿನ ಬೆಳಿಗ್ಗೆ ಅಜ್ಜಿ ಈ ಸೀರೆಗೂ ಹಚ್ಚಿದ್ದರು, ಮೊಮ್ಮಗಳ ಬಾಳು ತಣ್ಣಗಿರಲಿ ಎಂದು ಧಾರಾಳವಾಗಿಯೇ ಹಚ್ಚಿದ್ದರು. ಹಳದಿಯ ಮೇಲೆ ಹಳದಿ ಯಾರ ಕಣ್ಣಿಗೂ ಬೀಳಲಿಲ್ಲ. ಹಚ್ಚಿದ ಕೈಗೂ ಮರೆತುಹೋಯಿತು. ರಂಗಕ್ಕನೂ ತನ್ನ ಸೀರೆಗಳಿಗೆ, ಈ ಸೊಸೆಯ ಧಾರೆಯ ಸೀರೆಗೆ ಹೀಗೆಯೇ ಹಚ್ಚಿದವಳು. ಅವಳಿಗೂ ಹೊಳೆದಿರಲಿಲ್ಲ.

ಮೊದಲು ನಕ್ಕವನು ಏಕಾಂತಪ್ಪ. ಅವ್ವನ ಆಶೀರ್ವಾದ ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ, ಸುಣ್ಣ ಹಾಕಿದರೂ ಎದ್ದು ಬರುತ್ತದೆ ಎಂದ. ಬಸವಲಿಂಗಮ್ಮನೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಜಯಕ್ಕ ನಿಂಬೆಹಣ್ಣು ಕೇಳಿ ತರಿಸಿಕೊಂಡಳು. ಹುಳಿ ಬಿದ್ದ ಕಡೆಯೆಲ್ಲ ಕೆಂಪು ಕರಗಿ ಮತ್ತೆ ಹಳದಿಯಾಯಿತು. ಮೂಲೆಗಳನ್ನು ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ, ನೆರಳಿಗೆ ಹಾಕಿದಳು. ಒಣಗಿದ ಮೇಲೆ ಕಮಲಾಕ್ಷಮ್ಮ ಎರಡೂ ಮೂಲೆಗಳನ್ನು ಬೆಳಕಿಗೆ ಹಿಡಿದು ಹುಡುಕಿದಳು. ಕಲೆ ಎಲ್ಲಿತ್ತೆಂದು ಅವಳಿಗೇ ಸಿಗಲಿಲ್ಲ. ಸೋಮವಾರಕ್ಕೆ ಇದನ್ನೇ ಉಡುತ್ತೇನೆ ಎಂದಳು.

ಹೊರಡುವ ಹೊತ್ತಿಗೆ ಬಸವಲಿಂಗಮ್ಮ ಮೊರ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ರವಿಕೆ ಖಣ ತಂದರು. ಮದುವೆಯ ಹಳದಿ ಕಟ್ಟಿದ ಕೈಗೆ ಹೆಣ್ಣಿನ ಮನೆಯವರು ಮಡಿಲು ತುಂಬುವುದು ಉಂಟು, ಮದುವೆಯಾದ ವಾರದಲ್ಲೇ ಕಳಿಸಬೇಕಿತ್ತು, ನೆಂಟರ ಗದ್ದಲದಲ್ಲಿ ತಡವಾಯಿತು, ಆಮೇಲೆ ಈ ಕಲೆ ಕಂಡು ಬೇಕೆಂದೇ ತಡೆದಿಟ್ಟೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ ಎಂದರು. ಮನೆಗೆ ಹಿರಿಯಳು ಎಂದು ರಂಗಕ್ಕನ ಮುಂದೆಯೇ ಬಂದು ನಿಂತರು.

ಎಷ್ಟೋ ವರ್ಷಗಳ ರೂಢಿ. ರಂಗಕ್ಕನ ಕೈ ತಾನಾಗಿ ಸೆರಗನ್ನು ಒಡ್ಡಿತು. ಅಕ್ಕಿ ಬಿದ್ದ ಭಾರಕ್ಕೆ ಸೆರಗು ಜಗ್ಗಿದಾಗ ಅವಳಿಗೆ ಎಚ್ಚರವಾಯಿತು. ಪಕ್ಕಕ್ಕೆ ನೋಡಿದರೆ ಜಯಕ್ಕ ಅತ್ತ ತಿರುಗಿ, ಸೀರೆ ಸುತ್ತಿದ್ದ ಬಿಳಿಯ ಬಟ್ಟೆಯನ್ನು ಮಡಿಸುತ್ತಿದ್ದಳು. ಬಣ್ಣ ಕಟ್ಟಿದವಳು ಇವಳು ಎಂದು ಆಗಲೇ ಹೇಳಬಹುದಿತ್ತು. ಅಷ್ಟು ಜನರ ಮುಂದೆ, ಆಗ ತಾನೆ ತಲೆಯೆತ್ತಿ ನಿಂತ ಹೊತ್ತಿನಲ್ಲಿ, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮಡಿಲನ್ನು ಗಂಟು ಕಟ್ಟಿಕೊಂಡು ಗಾಡಿ ಹತ್ತಿದಳು.

ದಾರಿಯಲ್ಲಿ ಗಾಳಿ ಎದ್ದಿತು. ಕಾವಲಿನ ಹುಲ್ಲು ಬಗ್ಗಿ ಬಗ್ಗಿ ಏಳುತ್ತಿತ್ತು, ಧೂಳಿಗೆ ಮುಂದಿನ ದಾರಿಯೇ ಕಾಣುತ್ತಿರಲಿಲ್ಲ. ಮಾರಯ್ಯನಿಗೆ ಈಗ ಬಾಯಿಗೆ ಬಿಡುವಿಲ್ಲ. ಎದುರಿಗೆ ಬಂದ ಗಾಡಿಯವರನ್ನೆಲ್ಲ ನಿಲ್ಲಿಸಿ, ಸುಣ್ಣ ಇಟ್ಟರೂ ಅಲುಗದ ಹಳದಿಯ ಕಥೆ ಹೇಳುತ್ತ ಬಂದ. ರಂಗಕ್ಕ ಕೇಳುತ್ತ ಕೂತಳು. ಅವನು ಹೇಳಿದಾಗಲೆಲ್ಲ ರಂಗಕ್ಕನ ಹಳದಿ, ರಂಗಕ್ಕನ ಹಳದಿ ಎನ್ನುತ್ತಿದ್ದ. ಮೊದಲ ಸಲ ಕೇಳಿದಾಗ ಹಿತವಾಗಿತ್ತು. ಆಮೇಲೆ ಒಂದೊಂದು ಸಲವೂ ಮಡಿಲಿನ ಗಂಟು ಇನ್ನಷ್ಟು ಭಾರವಾದಂತಾಯಿತು. ಜಯಕ್ಕ ಗಾಳಿಗೆ ಸೆರಗು ಹೊದ್ದು, ಎತ್ತುಗಳ ಬೆನ್ನು ನೋಡುತ್ತ ಕೂತಿದ್ದಳು. ಅತ್ತೆ ನಂಬದೆ ಹೋದದ್ದನ್ನು ಅವಳು ಆಡಲಿಲ್ಲ. ಆಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ರಾತ್ರಿ ತಳಕಿನಲ್ಲೇ ಉಳಿದು, ಬೆಳಿಗ್ಗೆ ಅಲ್ಲಿನ ಬಾವಿಯ ಬಳಿ ಗಾಡಿ ನಿಲ್ಲಿಸಿದರು. ರಾತ್ರಿ ಮಾರಯ್ಯ ಹೇಳಿದ ಸುದ್ದಿ ನೀರು ಸೇದುತ್ತಿದ್ದ ಹೆಂಗಸರಿಗೆ ಆಗಲೇ ಮುಟ್ಟಿತ್ತು. ಅವರಲ್ಲೊಬ್ಬಳು ಹಗ್ಗವನ್ನು ಕೈಯಲ್ಲೇ ಹಿಡಿದುಕೊಂಡು, ಆ ಹಳದಿ ಕಟ್ಟಿದ ಮೊಳಕಾಲ್ಮೂರಿನ ರಂಗಕ್ಕ ನೀವೇನಾ ಎಂದು ಕೇಳಿದಳು.

ರಂಗಕ್ಕ ಗಾಡಿಯಿಂದ ಇಳಿದು ನೆಟ್ಟಗೆ ನಿಂತಳು.

"ರಂಗಕ್ಕ ನಾನೇ ಕಣವ್ವ. ಆ ಬಣ್ಣ ಕಟ್ಟಿದಾಕಿ ನಾನಲ್ಲ, ನನ್ನ ಸೊಸೆ ಜಯಕ್ಕ. ಮರದರಿಶಿನದ ತಂಗಿ ಕಟ್ಟಿಗ್ಯಾಗೆ ಕಟ್ಟ್ಯಾಳೆ. ನಮ್ಮತ್ತೆ ಕೈಗೂ ಬರ್ಲಿಲ್ಲ ಅದು, ನನ್ನ ಕೈಗೂ ಬರ್ಲಿಲ್ಲ."

ಅಷ್ಟು ಗಟ್ಟಿಯಾಗಿ ಅವಳು ಸೂರಮ್ಮನನ್ನೂ ಎಂದೂ ಹೊಗಳಿರಲಿಲ್ಲ. ಹೆಂಗಸರೆಲ್ಲ ಜಯಕ್ಕನ ಕಡೆ ತಿರುಗಿದರು. ಅವಳು ಕೊಡಕ್ಕೆ ಕೈ ಹಾಕಿ ನೀರಿನ ಕಡೆ ಬಗ್ಗಿಬಿಟ್ಟಳು. ಕಿವಿಯ ತುದಿ ಕೆಂಪಾಗಿತ್ತು.

ಅವರು ಕೊಡ ಹೊತ್ತು ಹೋದ ಮೇಲೆ ಅತ್ತೆ ಸೊಸೆ ಬಾವಿಯ ಕಟ್ಟೆಯ ಮೇಲೆ ಗಾಳಿಗೆ ಬೆನ್ನು ಮಾಡಿ ಕೂತರು. ಮಾರಯ್ಯ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ರಂಗಕ್ಕ ಸೆರಗಿನ ಗಂಟು ಬಿಚ್ಚಿದಳು. ಜಯಕ್ಕ ಏನೂ ತಿಳಿಯದೆ ಅವಳನ್ನೇ ನೋಡುತ್ತಿದ್ದಾಗ, ಅವಳ ಸೆರಗನ್ನು ತಾನೇ ಎಳೆದು ತೊಡೆಯ ಮೇಲೆ ಹರಡಿ, ಖಣವಿಟ್ಟು, ಕೊಬ್ಬರಿ ಬೆಲ್ಲ ಇಟ್ಟು, ಅಕ್ಕಿಯನ್ನು ಎರಡೂ ಕೈಯಿಂದ ಬೊಗಸೆ ಬೊಗಸೆಯಾಗಿ ತುಂಬಿದಳು. ಕಟ್ಟೆಯ ಕಲ್ಲಿನ ಮೇಲೆ ಉದುರಿದ ಕಾಳುಗಳನ್ನು ಬೆರಳಿನಿಂದ ಒಂದೊಂದಾಗಿ ಆರಿಸಿ, ಅವನ್ನೂ ಸೊಸೆಯ ಮಡಿಲಿಗೇ ಹಾಕಿದಳು.